ತಾರಸಿಯ ಮೇಲೆ ನಾರ್ಸಿಸಾ

ನಿನ್ನ ಮೇಲೆ ದೂರು ಕೊಡಬೇಕೆಂದಿದ್ದೆ, ನಾರ್ಸಿಸಾ.
ರಾತ್ರಿಪಾಳಿ ಮುಗಿಸಿ, ಬಟ್ಟೆ ಬಾಗಿಲಲ್ಲೇ ಕಳಚಿ,
ಮೂಗಿನ ಮೇಲೆ ಮುಖಗವಸಿನ ಗೀರು ಹಾಗೇ ಇಟ್ಟುಕೊಂಡು
ನಾನು ದಿಂಬಿಗೆ ತಲೆ ಕೊಡುವ ಹೊತ್ತಿಗೇ
ಸೂರಿನ ಮೇಲೆ ನಿನ್ನ ಹಿಮ್ಮಡಿ:
ಟಕ್ ಟಕ್ ಟಕ್, ತಿರುವು.
ಟಕ್ ಟಕ್ ಟಕ್, ತಿರುವು.
ಓಡುವವಳಾದರೆ ಓಡಿ, ದಣಿದು, ಕೂತಾಳು.
ನೀನೋ ನಡೆಯುವವಳು.

ಕ್ವೆಂಕಾ ಊರಿಗೆಲ್ಲ ಗೊತ್ತು ನಿನ್ನ ನಡಿಗೆ.
ನದಿಯ ದಂಡೆಯಲ್ಲಿ ಮುಂಜಾನೆ,
ಸೊಂಟ ಅತ್ತ, ಭುಜ ಇತ್ತ;
ಹಾಲಿನವಳು ಕ್ಯಾನು ಕೆಳಗಿಟ್ಟು ನಕ್ಕದ್ದು,
ಪದಕ ಬಂದ ಮೇಲೆ ಅದೇ ಹಾಲಿನವಳು
ದುಡ್ಡು ಬೇಡವೆಂದದ್ದು.
ಈಗ ನದಿಗೆ ಹೋಗುವ ಹಾಗಿಲ್ಲ.
ಎರಡು ಗಂಟೆಗೆ ಸೈರನ್ನು, ಆಮೇಲೆ ಬೀದಿಯಲ್ಲಿ
ನಾಯಿ ಮತ್ತು ಪೊಲೀಸು.
ಉಳಿದದ್ದು ತಾರಸಿ: ಹನ್ನೊಂದು ಮೀಟರ್ ಉದ್ದ, ಆರು ಅಗಲ,
ಒಂದು ನೀರಿನ ತೊಟ್ಟಿ, ಬಟ್ಟೆಯ ಹಗ್ಗ, ಮಾಲೀಕಳ ಕೋಳಿ.
ಸುತ್ತಿಗೆ ಮೂವತ್ತು ಮೀಟರಂತೆ
ಇಪ್ಪತ್ತು ಕಿಲೋಮೀಟರಿಗೆ ಆರುನೂರ ಅರವತ್ತೇಳು ಸುತ್ತು.

ಆ ಮಂಗಳವಾರ ನನ್ನನ್ನು ಎಬ್ಬಿಸಿದ್ದು ಸದ್ದಲ್ಲ,
ಸದ್ದು ನಿಂತದ್ದು.
ವಾರ್ಡಿನಲ್ಲಿ ಅಂಟಿಕೊಂಡ ಭಯ ಅದು:
ಯಂತ್ರವೊಂದು ಸುಮ್ಮನಾದರೆ ಕಾಲು ತಾನಾಗಿ ಓಡುತ್ತದೆ.
ಚಪ್ಪಲಿ ಮರೆತು ಮೆಟ್ಟಿಲು ಹತ್ತಿದೆ.
ತೊಟ್ಟಿಯ ನೆರಳಲ್ಲಿ ಕಾಲು ಚಾಚಿ ಕೂತಿದ್ದವಳು ನೀನು,
ಮಡಿಲಲ್ಲಿ ಫೋನು,
ಅದರೊಳಗೆ ಕೋಚ್ ಎಲಾಡಿಯೋ ಇನ್ನೂ ಮಾತಾಡುತ್ತಲೇ ಇದ್ದರು.
'ಒಂದು ವರ್ಷ ಮುಂದಕ್ಕೆ ಹಾಕಿದರಂತೆ' ಎಂದೆ,
ಬಸ್ಸು ತಡವಂತೆ ಅನ್ನುವ ದನಿಯಲ್ಲಿ.

ಮೂವತ್ತನಾಲ್ಕು ನಿನಗೆ.
ಆಗಸ್ಟಿನಲ್ಲಿ ಮೊಣಕಾಲಿಗೆ ಕತ್ತರಿ,
ಅದು ಮಾಗಿದ ಮೇಲೆ ಒಂದು ಮಗು,
ಹಾಗೆಂದು ಗಂಡನಿಗೆ ಮಾತು ಕೊಟ್ಟಿದ್ದೆಯಂತೆ;
ಅವನು ಲಾರಿ ಸಮೇತ ಗ್ವಾಯಾಕಿಲ್‌ನಲ್ಲಿ ಸಿಕ್ಕಿಬಿದ್ದಿದ್ದ.
'ಈ ದೇಹಕ್ಕೆ ನಾಲ್ಕು ವರ್ಷದಿಂದ
ಜುಲೈ, ಜುಲೈ ಎಂದು ಹೇಳಿಕೊಂಡು ಬಂದಿದ್ದೇನೆ.
ಈಗ ಸುಳ್ಳೆಂದು ಹೇಗೆ ಹೇಳಲಿ?'
ನಾನು ಸುಮ್ಮನಿದ್ದೆ. ನಮ್ಮ ವಾರ್ಡಿನಲ್ಲೂ
ದೇಹಕ್ಕೆ ಏನೇನೋ ಹೇಳುತ್ತಿದ್ದೆವು.

ಮೂರು ದಿನ ಸೂರು ಸತ್ತಂತಿತ್ತು, ನನಗೆ ನಿದ್ದೆಯಿಲ್ಲ.
ನಾಲ್ಕನೆಯ ದಿನ: ಟಕ್.
ಅತ್ತೆನೋ ನಕ್ಕೆನೋ, ನೆನಪಿಲ್ಲ.

ನಡಿಗೆಯ ಕಾನೂನು ನೀನೇ ಕಲಿಸಿದೆ,
ಎಂಟು ಮೆಟ್ಟಿಲ ಅಂತರದಲ್ಲಿ ನಿಂತು:
ಒಂದು ಪಾದ ಸದಾ ನೆಲದ ಮೇಲಿರಬೇಕು.
ಊರುವ ಕಾಲು ಮಡಿಯಬಾರದು.
ಎರಡೂ ಪಾದ ಗಾಳಿಗೆದ್ದರೆ ಅದು ಓಟ, ಅದು ಮೋಸ.
'ನೋಡಲೊಬ್ಬರು ಬೇಕು ನನಗೆ' ಎಂದೆ ನೀನು.
ಫೋನಿನಲ್ಲಿ ಎಲಾಡಿಯೋಗೆ ಚಿತ್ರ ನಿಲ್ಲುವುದಿಲ್ಲ,
ಬರೀ ಸದ್ದು ಕೇಳಿ ಹೇಳುತ್ತಾರೆ: ಎಡಗಾಲು ತಡ.
ಹೀಗೆ ನಾನು ತೀರ್ಪುಗಾರಳಾದೆ.
ಹಳದಿ ಫಲಕದ ಬದಲು ಪಾತ್ರೆಯ ಮುಚ್ಚಳ.
ಹತ್ತು ಸುತ್ತಿಗೊಂದು ಮೆಕ್ಕೆಜೋಳದ ಕಾಳು
ಈ ಬಟ್ಟಲಿಂದ ಆ ಬಟ್ಟಲಿಗೆ.
ಒಮ್ಮೆ ಎಲಾಡಿಯೋ ಮಾತಿನ ನಡುವೆ ಕೆಮ್ಮಿದರು;
ನೀನು ಸುತ್ತು ನಿಲ್ಲಿಸಲಿಲ್ಲ, ನನ್ನ ಮುಖ ನೋಡಿದೆ.
ನಾನು ಮುಚ್ಚಳ ಎತ್ತಲಿಲ್ಲ.

ಒಂದು ದಿನ ಕೋಳಿ ಬಂದು ಹನ್ನೊಂದು ಕಾಳು ತಿಂದಿತು.
ಕೋಳಿ ತಿಂದದ್ದನ್ನೆಲ್ಲ ನೀನು ಮತ್ತೆ ನಡೆದೆ.

ಮೊನ್ನೆ ಹಾಸಿಗೆ ಹದಿನಾಲ್ಕು, ಹಾಸಿಗೆ ಒಂಬತ್ತು.
ಬೆಳಿಗ್ಗೆ ಕುರ್ಚಿಯಲ್ಲೇ ನಿದ್ದೆ ಹೋಗಿದ್ದೆ,
ಮುಚ್ಚಳ ತೊಡೆಯ ಮೇಲೆ.
ಎಚ್ಚರಾದಾಗ ಬಿಸಿಲು ತೊಟ್ಟಿ ದಾಟಿತ್ತು,
ನೀನು ಹಗ್ಗದ ಬಟ್ಟೆಗಳ ಹಿಂದೆ ಮುಂದೆ.
'ಎಷ್ಟಾಯಿತು?'
ಬಾಯಿಗೆ ಬಂದದ್ದು ಹೇಳಿದೆ: ನಾನೂರ ಹತ್ತು.
ಬಟ್ಟಲಿನ ಕಡೆ ನೀನು ನೋಡಲೂ ಇಲ್ಲ.
'ನಾನೂರು ಅಂದುಕೊಳ್ಳೋಣ' ಎಂದು
ಮೂಲೆಯಲ್ಲಿ ತಿರುಗಿದೆ.